ಮಸಿಯ ಮುಖ ಕಾಣಿಸಿದ್ದು

ಅತ್ತೆ ಕ್ಯಾಮೆರಾ ಕೊಂಡದ್ದೇ ತಡ, ಮನೆಯಲ್ಲಿ ಎಲ್ಲರೂ ಫೋಟೋಗ್ರಫಿ ಪಂಡಿತರಾಗಿಬಿಟ್ಟರು.

ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಜೀವಮಾನವಿಡೀ ದುಡಿದು ನಿವೃತ್ತರಾದ ಅತ್ತೆ, "ಇಷ್ಟು ವರ್ಷ ಜನರ ಮೂಳೆ ನೋಡಿದ್ದಾಯ್ತು, ಇನ್ನು ಸ್ವಲ್ಪ ಮುಖ ನೋಡೋಣ" ಎಂದು ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡಿದ್ದರು. ಪಕ್ಕದ ಮನೆಯವನು ಮದುವೆಗಳ ಫೋಟೋ ತೆಗೆಯುವವನು. ಅವನು ಮೊದಲ ದಿನವೇ, "ಆಂಟಿ, ಮೇಲೆ ಸಿಕ್ಕಿಸೋ ಫ್ಲ್ಯಾಶ್ ಒಂದು ತಗೊಂಡ್ಬಿಡಿ. ಅದಿಲ್ದೆ ಮನೆಯೊಳಗೆ ಏನು ತೆಗೀತೀರಾ?" ಅಂದ. ಮಗ ಅದಕ್ಕೆ ಅಡ್ಡ ಬಾಯಿ ಹಾಕಿದ. "ಅಮ್ಮ ಈಗಿನ್ನೂ ಶುರು ಮಾಡಿದಾಳೆ. ಮೊದಲು ಕೈ ಪಳಗಲಿ, ಫ್ಲ್ಯಾಶು ಗೀಶು ಎಲ್ಲ ಆಮೇಲೆ."

ಅತ್ತೆ ಇಬ್ಬರಿಗೂ ಹೇಳಿದ್ದು ಒಂದೇ ಮಾತು: "ನೋಡೋಣ."

ಬೇರೆಯವರ ಬಾಯಲ್ಲಿ ಈ ಮಾತು ಬಂದರೆ ವಿಷಯ ಅಲ್ಲಿಗೆ ಮುಗಿಯಿತು ಎಂದರ್ಥ. ಅತ್ತೆ ಹಾಗಲ್ಲ, ನೋಡೋಣ ಅಂದರೆ ನಿಜಕ್ಕೂ ನೋಡುವವರು. ಮದುವೆಯಾಗಿ ಆ ಮನೆಗೆ ಬಂದಾಗಿನಿಂದ ಸೊಸೆ ಇದನ್ನು ಗಮನಿಸಿದ್ದಳು, ಒಳಗೊಳಗೇ ಮೆಚ್ಚಿಕೊಂಡೂ ಇದ್ದಳು.

ಸೊಸೆ ಪ್ರಾಣಿ ವೈದ್ಯೆ. ಯಜಮಾನರಿಲ್ಲದ ನಾಯಿ ಬೆಕ್ಕುಗಳನ್ನು ಇಟ್ಟು ಸಾಕುವ ಆಶ್ರಯವೊಂದರಲ್ಲಿ ಅವಳ ಕೆಲಸ. ಅಲ್ಲಿಯ ಪ್ರಾಣಿಗಳ ಫೋಟೋ ನೋಡಿ ಜನ ಬಂದು ಮನೆಗೆ ಕರೆದುಕೊಂಡು ಹೋಗಬೇಕಿತ್ತು. ಆದರೆ ಇದ್ದ ಫೋಟೋಗಳೋ, ಪೊಲೀಸ್ ಠಾಣೆಯ ಗೋಡೆಗೆ ಅಂಟಿಸುವ ಕಳ್ಳರ ಚಿತ್ರದ ಹಾಗಿದ್ದವು. "ನೀವು ಬಂದು ಒಂದಷ್ಟು ತೆಗೀತೀರಾ ಅತ್ತೆ?" ಎಂದು ಸೊಸೆಯೇ ಕೇಳಿದಳು.

ಅತ್ತೆ ಹೋದರು. ಮುಂದಿನ ಹಜಾರದ ದೊಡ್ಡ ಕಿಟಕಿಯ ಪಕ್ಕ ನೆಲದ ಮೇಲೇ ಕೂತರು. ಒಂದೊಂದೇ ನಾಯಿಯನ್ನು ಕಿಟಕಿಯ ಹತ್ತಿರ ಬರಗೊಟ್ಟು, ಅದು ಮೂಸಿ ನೋಡಿ, ಬೇಸರವಾಗಿ, ಆಕಳಿಸಿ, ತನ್ನ ಪಾಡಿಗೆ ತಾನು ಕೂತ ಮೇಲೆ ಕ್ಯಾಮೆರಾ ಎತ್ತಿದರು. ಕಂದು ಮರಿಗೆ ಮನೆ ಸಿಕ್ಕಿತು. ಒಂದು ಕಿವಿ ಹರಿದ ಬಿಳಿ ನಾಯಿಗೂ ಸಿಕ್ಕಿತು. "ಕಿಟಕಿ ಇರೋವಾಗ ಫ್ಲ್ಯಾಶ್ ಯಾತಕ್ಕೆ?" ಎಂದರು ಅತ್ತೆ. ಮಗ ತಾನೇ ಗೆದ್ದವನಂತೆ ಎರಡು ದಿನ ಬೀಗಿದ.

ಆಮೇಲೆ ಮಸಿಯ ಸರದಿ ಬಂತು.

ಮಸಿ ಮೂಗಿನಿಂದ ಬಾಲದವರೆಗೂ ಕಪ್ಪಗಿದ್ದ ವಯಸ್ಸಾದ ನಾಯಿ. ರಸ್ತೆಯಲ್ಲಿ ಗಾಡಿಗೆ ಸಿಕ್ಕಿ ಮುರಿದಿದ್ದ ಕಾಲನ್ನು ಸೊಸೆಯೇ ಸರಿಮಾಡಿದ್ದಳು. ಕಾಲು ಕೂಡಿಕೊಂಡಿತು, ಭಯ ಹೋಗಲಿಲ್ಲ. ಹಿಂದಿನ ಕೋಣೆ ಬಿಟ್ಟು ಮಸಿ ಹೊರಗೆ ಬರುತ್ತಿರಲಿಲ್ಲ. ಹಜಾರದ ಬಾಗಿಲವರೆಗೆ ಕರೆತಂದರೂ ಸಾಕು, ರಸ್ತೆಯ ಸದ್ದಿಗೆ ನಾಲ್ಕೂ ಕಾಲು ಮರಗಟ್ಟಿ ನಿಂತುಬಿಡುತ್ತಿತ್ತು. ಆ ಕೋಣೆಗಿದ್ದದ್ದು ಮೇಲೊಂದು ಗವಾಕ್ಷಿ, ಒಂದು ಮಂಕು ಟ್ಯೂಬ್‌ಲೈಟು. ಮಸಿಯ ಹಳೆಯ ಫೋಟೋದಲ್ಲಿ ಕಾಣುತ್ತಿದ್ದದ್ದು ನಾಯಿಯಲ್ಲ, ಯಾರೋ ಮರೆತು ಹೋದ ಕರಿ ಚೀಲ. ವರ್ಷ ಕಳೆದರೂ ಅದನ್ನು ಕೇಳಿಕೊಂಡು ಒಬ್ಬರೂ ಬಂದಿರಲಿಲ್ಲ.

ಅತ್ತೆ ಇದ್ದ ಬೆಳಕಿನಲ್ಲೇ ಪ್ರಯತ್ನಪಟ್ಟರು. ನಾಯಿ ತಲೆ ಆಡಿಸಿದರೆ ಚಿತ್ರ ಕಲಸಿಹೋಗುತ್ತಿತ್ತು. ಕಲಸದ ಹಾಗೆ ತೆಗೆದರೆ ಮುಖದ ತುಂಬ ಮರಳು ಎರಚಿದಂತೆ ಕಾಣುತ್ತಿತ್ತು. ಕೊನೆಗೆ ಪಕ್ಕದ ಮನೆಯವನ ಹಳೆಯ ಫ್ಲ್ಯಾಶ್ ಕೇಳಿ ತಂದು ಕ್ಯಾಮೆರಾದ ನೆತ್ತಿಗೆ ಸಿಕ್ಕಿಸಿ, ನೇರವಾಗಿ ಹೊಡೆದರು.

ಚಿತ್ರದಲ್ಲಿ ಬಂದದ್ದು ಎರಡು ಹಸಿರು ಕಣ್ಣು, ಹೊಳೆಯುವ ಮೂಗಿನ ತುದಿ, ಹಿಂದಿನ ಗೋಡೆಯ ಮೇಲೆ ದೆವ್ವದಂಥ ನೆರಳು. ಮಸಿ ಮೇಜಿನಡಿ ನುಗ್ಗಿ ಗಡಗಡ ನಡುಗುತ್ತಿತ್ತು.

"ಸಾಕು ಅತ್ತೆ," ಎಂದಳು ಸೊಸೆ. ಅಷ್ಟು ಬಿರುಸಾಗಿ ಅವಳು ಅತ್ತೆಯ ಹತ್ತಿರ ಎಂದೂ ಮಾತಾಡಿರಲಿಲ್ಲ. "ಒಂದು ಫೋಟೋಗೋಸ್ಕರ ಅದನ್ನ ಹೆದರಿಸೋದು ಬೇಡ."

ಅತ್ತೆ ಫ್ಲ್ಯಾಶ್ ಆರಿಸಿದರು. "ನಂದೇ ತಪ್ಪು ಕಣಮ್ಮ. ಇದರಿಂದ ಅದರ ಕಣ್ಣಿಗೇನಾದ್ರೂ ಆಗುತ್ತಾ?"

"ಕಣ್ಣಿಗೇನೂ ಆಗಲ್ಲ. ದಿಢೀರಂತ ಬಂತಲ್ಲ, ಅದಕ್ಕೆ ಗಾಬರಿ."

"ಹಾಗಾದ್ರೆ ದಿಢೀರಂತ ಬರದ ಹಾಗೆ ಮಾಡಬೇಕು," ಎಂದು ಅತ್ತೆ ತಮಗೆ ತಾವೇ ಹೇಳಿಕೊಂಡರು.

ಆ ವಾರ ಮನೆಯಲ್ಲಿ ಗುಡುಗಿಲ್ಲದ ಮಿಂಚು. ಮಗನ ಕಪ್ಪು ಉಣ್ಣೆ ಸ್ವೆಟರನ್ನು ಕುರ್ಚಿಗೆ ಹೊದಿಸಿ, ಅತ್ತೆ ಫ್ಲ್ಯಾಶಿನ ಮೂತಿಯನ್ನು ಒಮ್ಮೆ ಸೂರಿಗೆ, ಒಮ್ಮೆ ಗೋಡೆಗೆ ತಿರುಗಿಸಿ ಹೊಡೆದರು. "ಅಮ್ಮಾ, ನನ್ನ ಸ್ವೆಟರಿಗೆ ಮದುವೆ ಗೊತ್ತಾಗಿದೆಯಾ?" ಎಂದು ಮಗ ರೇಗಿಸಿದ. ಅವರು ಕಿವಿಗೆ ಹಾಕಿಕೊಳ್ಳದೆ ಸೊಸೆಯನ್ನು ಕೂಗಿದರು.

"ಇಲ್ಲಿ ನೋಡು. ನೇರ ಹೊಡೆದ್ರೆ ಬರೀ ಕರಿ ಮುದ್ದೆ. ಗೋಡೆಗೆ ಬಡಿದು ವಾಪಸ್ ಬಂದ ಬೆಳಕಲ್ಲಿ ಒಂದೊಂದು ಎಳೆನೂ ಕಾಣ್ತಿದೆ."

ಸೊಸೆ ನೋಡಿದಳು. ನಿಜವಾಗಿಯೂ ಕಾಣುತ್ತಿತ್ತು.

ಆಶ್ರಯದ ಕೋಣೆಯ ಗೋಡೆಗೆ ಕಂದು ಬಣ್ಣ ಬಳಿದಿದ್ದರು, ಅದು ಬೆಳಕನ್ನೆಲ್ಲ ನುಂಗಿಬಿಡುತ್ತಿತ್ತು. ಅತ್ತೆ ಅಲ್ಲಿ ಹಗ್ಗ ಕಟ್ಟಿ ಹಾಸಿಗೆಯ ಬಿಳಿ ಬಟ್ಟೆಯೊಂದನ್ನು ಇಳಿಬಿಟ್ಟರು. ಮೊದಮೊದಲು ಕ್ಯಾಮೆರಾ ತರಲೇ ಇಲ್ಲ. ಫ್ಲ್ಯಾಶನ್ನು ದೂರದ ಮೂಲೆಯಲ್ಲಿಟ್ಟು, ಬೆಳಕನ್ನು ಆದಷ್ಟು ಕಡಿಮೆ ಮಾಡಿ, ಅಂಗೈ ಅಡ್ಡ ಹಿಡಿದು ಬೆಳಗಿಸುತ್ತಿದ್ದರು. ಬೆಳಗಿದ ಕ್ಷಣವೇ ಸೊಸೆ ಮಸಿಗೆ ಬೇಯಿಸಿದ ಕೋಳಿಯ ತುಣುಕು ಕೊಡಬೇಕು. "ಆಯ್ತು ಮರಿ, ಆಯ್ತು, ಮುಗೀತು," ಎನ್ನುತ್ತಿದ್ದ ಅತ್ತೆಯ ದನಿ ಕೇಳಿದರೆ, ಎಕ್ಸ್‌ರೇ ಕೋಣೆಯಲ್ಲಿ ಎಷ್ಟು ಅಳುವ ಮಕ್ಕಳು ಆ ದನಿಗೆ ಸುಮ್ಮನಾಗಿರಬಹುದು ಎಂದು ಸೊಸೆಗೆ ಅನ್ನಿಸುತ್ತಿತ್ತು. ಒಂದು ದಿನ ಮಸಿ ನಡುಗಿತೆಂದು ಅತ್ತೆ ಅಲ್ಲಿಗೇ ನಿಲ್ಲಿಸಿ, ಬಸ್ಸು ಹತ್ತಿ ಮನೆಗೆ ಬಂದರು. ಮರುದಿನ ಮತ್ತೆ ಮೊದಲಿನಿಂದ ಶುರು. ಗಂಟೆಗಟ್ಟಲೆ ನೆಲದ ಮೇಲೆ ಕೂತು ಅವರ ಮಂಡಿ ಹಿಡಿದುಕೊಂಡಿತು. ಆದರೂ ಬೇಸರದ ಒಂದು ಮಾತು ಬಾಯಿಂದ ಬರಲಿಲ್ಲ. ತಾನಾಗಿದ್ದರೆ ಎಂದೋ ಕೈಬಿಡುತ್ತಿದ್ದೆ ಎಂದು ಸೊಸೆ ಎಣಿಸಿದಳು. ಓದಿ ಡಾಕ್ಟರಾದವಳಿಗೂ ಈ ತಾಳ್ಮೆ ಇನ್ನೂ ಅರ್ಧದಷ್ಟೂ ಬಂದಿರಲಿಲ್ಲ.

ಹೀಗೇ ನಡೆಯುತ್ತಿರುವಾಗ ಒಂದು ಬೆಳಿಗ್ಗೆ, ಬೆಳಕು ಮಿಂಚಿದೊಡನೆ ಮಸಿ ಮೇಜಿನಡಿ ಹೋಗಲಿಲ್ಲ. ಕಿವಿ ನಿಮಿರಿಸಿ, ಎಲ್ಲಿ ನನ್ನ ಕೋಳಿ ಎನ್ನುವಂತೆ ಅತ್ತೆಯ ಕಡೆಗೇ ಮುಖವೆತ್ತಿ ನೋಡಿತು. ಮಾರನೆಯ ದಿನ ಅತ್ತೆ ಕ್ಯಾಮೆರಾ ತಂದು, ಫ್ಲ್ಯಾಶನ್ನು ಅದರ ನೆತ್ತಿಗೆ ಸಿಕ್ಕಿಸಿ, ಮೂತಿಯನ್ನು ಬಿಳಿ ಬಟ್ಟೆಯ ಕಡೆಗೆ ತಿರುಗಿಸಿದರು. ಒಂದು ಸಲ ಬೆಳಗಿಸಿ ಮಸಿಯ ಗಮನ ಸೆಳೆದರು, ಅದು ತಲೆಯೆತ್ತಿ ನೋಡುತ್ತಿದ್ದಂತೆ ಎರಡನೆಯ ಸಲ ಹೊಡೆದರು.

ಆ ಫೋಟೋವನ್ನು ಸೊಸೆ ಬಹಳ ಹೊತ್ತು ನೋಡಿದಳು. ದಿನಾ ಮೈದಡವುತ್ತಿದ್ದ ನಾಯಿ ಅದು. ಆದರೂ ಅದರ ಎದೆಯ ಕೂದಲಲ್ಲಿ ಕಂದು ಛಾಯೆ ಇದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ. ಗದ್ದದ ಮೇಲೆ ಅಜ್ಜನ ಗಡ್ಡದಂಥ ನರೆ, ರೆಪ್ಪೆಗಳು, ಕಣ್ಣಿನಲ್ಲಿ ಬಿಳಿ ಬಟ್ಟೆಯ ಪುಟ್ಟ ಚೌಕ, ಮತ್ತು ತುಂಬು ಆಸೆ.

"ಅತ್ತೆ, ನಿಮ್ಮನ್ನ ಏನಂತ ಹೊಗಳಲಿ?"

"ಹೊಗಳೋದು ಆಮೇಲೆ. ಮೊದಲು ನನ್ನ ಕೈ ಹಿಡಿದು ಎಬ್ಬಿಸು."

ಸಂಜೆ ಪಕ್ಕದ ಮನೆಯವನು ಫ್ಲ್ಯಾಶ್ ವಾಪಸ್ ಕೇಳಲು ಬಂದಾಗ ಅತ್ತೆ, "ಇದನ್ನ ನನಗೇ ಮಾರಿಬಿಡಪ್ಪ," ಎಂದರು.

"ಬೇಡ ಅಂದಿದ್ರಲ್ಲ ಆಂಟಿ?"

"ಕಿಟಕಿ ಹತ್ರ ಬರೋರಿಗೆ ಈಗಲೂ ಬೇಡ. ಬರೋಕಾಗದವರ ಹತ್ರ ಬೆಳಕನ್ನ ನಾವೇ ತಗೊಂಡು ಹೋಗ್ಬೇಕಲ್ಲ."

ಮಗ ಏನೋ ಹೇಳಲು ಬಾಯಿ ತೆರೆದವನು, ಹೆಂಡತಿಯ ಮುಖ ನೋಡಿ, ಪಕ್ಕದ ಮನೆಯವನಿಗೆ ಕುರ್ಚಿ ಎಳೆದು ಹಾಕಿದ.

ಫೋಟೋ ಹಾಕಿ ವಾರ ಕಳೆಯುವಷ್ಟರಲ್ಲಿ ದರ್ಜಿ ಕೆಲಸದ ಹೆಂಗಸೊಬ್ಬಳು ಬಂದಳು. "ಆ ನರೆತ ಗಡ್ಡದ್ದು ಇನ್ನೂ ಇದೆಯಾ?" ಎಂದು ಕೇಳಿದಳು. ಮಸಿ ಹೊರಗೆ ಹೋಗುವುದಿಲ್ಲ, ಆಡಿಸಿದರೂ ಆಡುವುದಿಲ್ಲ ಎಂದು ಸೊಸೆ ಮುಚ್ಚುಮರೆಯಿಲ್ಲದೆ ಹೇಳಿದಳು.

"ನಾನೂ ಎಲ್ಲಿಗೆ ಹೋಗ್ತೀನಿ ಡಾಕ್ಟ್ರೇ? ಇಡೀ ದಿನ ಮಷಿನ್ ಮುಂದೆ ಕೂತಿರ್ತೀನಿ. ಪಕ್ಕದಲ್ಲಿ ಯಾರಾದ್ರೂ ಮಲಗಿದ್ರೆ ಸಾಕು."

ಸೊಸೆ ವ್ಯಾನನ್ನು ಹಿಂಬಾಗಿಲಿಗೆ ಒತ್ತಿ ನಿಲ್ಲಿಸಿ ಮಸಿಯನ್ನು ಹತ್ತಿಸಿದಳು. ದರ್ಜಿಯ ಮನೆವರೆಗೂ ತಾನೇ ಓಡಿಸಿಕೊಂಡು ಹೋಗಿ, ಅಲ್ಲಿ ಒಂದು ತಾಸು ಕೂತಿದ್ದು ಮನೆಗೆ ಬಂದಳು. ಅತ್ತೆ ಬಾಗಿಲಲ್ಲೇ ನಿಂತಿದ್ದರು.

"ಹೋದ ಮೇಲೆ ನೀರು ಕುಡೀತಾ?"

"ಕುಡೀತು ಅತ್ತೆ. ಆಮೇಲೆ ಅವರ ಕಾಲ ಮೇಲೆ ತಲೆ ಇಟ್ಟು ಮಲಗ್ತು."

"ಹಾಗಾದ್ರೆ ಸರಿ ಬಿಡು," ಎಂದು ಅತ್ತೆ ಸೊಸೆಯ ಕೈಯಿಂದ ಚೀಲ ತೆಗೆದುಕೊಂಡು ಒಳಗೆ ನಡೆದರು.