ಐದು ಕೋಟಿಯ ಮೂಲೆ

“ಆ ಸೆನೆಟರಮ್ಮ ಗೆದ್ದಳು ಅಂದ್ಕೋ, ಮೊದಲು ಕೈ ಹಾಕೋದೇ ನಮ್ಮಂಥವರ ಜೇಬಿಗೆ ಕಣೋ ಮರ್ಲ್,” ಅಂದ ಡ್ವೇನ್, ಬಾಯಲ್ಲಿದ್ದ ಬಿಸ್ಕತ್ತನ್ನು ಅಗಿಯುತ್ತಲೇ.

ಮರ್ಲ್ ಕೊಪೆಕಿಗೆ ಆ ಮಾತಿನಲ್ಲಿ ಸೆನೆಟರಮ್ಮನೂ ಕೇಳಿಸಲಿಲ್ಲ, ಜೇಬೂ ಕೇಳಿಸಲಿಲ್ಲ. ‘ನಮ್ಮಂಥವರ’ ಅನ್ನುವುದೊಂದೇ ಕೇಳಿಸಿತು. ಅದು ಬಿಸಿ ಸೂಪಿನ ಹಾಗೆ ಎದೆಯೊಳಗೆ ಬೆಚ್ಚಗೆ ಇಳಿಯಿತು.

“ಹೂಂ ಮತ್ತೆ,” ಅಂದ, ಮುಖದ ಮೇಲೆ ಬೇಸರ ತಂದುಕೊಂಡು. “ದುಡಿದವನಿಗೇ ದಂಡ.”

“ತಗೋ, ಬಿಸ್ಕತ್ತು.”

“ಬೇಡ, ಪರವಾಗಿಲ್ಲ.”

“ಓಟ್ಸಿಂದು ಕಣೋ, ತಗೋ.”

“ಈಗ ತಾನೇ ಊಟ ಆಯ್ತು.”

“ಒಂದು ತಿಂದ್ರೆ ಸತ್ತೋಗ್ತೀಯಾ?”

“ಹಂಗಂತೀಯಾ? ಸರಿ ಹಂಗಾದ್ರೆ,” ಎಂದು ಮರ್ಲ್ ಎರಡು ತೆಗೆದುಕೊಂಡ.

ಪ್ರೇರಿ ಬೆಂಡ್ ಊರಿನ ರೀತಿಯೇ ಇದು. ಮೊದಲ ಸಲಕ್ಕೇ ಹೂಂ ಅನ್ನುವವನು ಹೊಟ್ಟೆಬಾಕ. ಎರಡನೆಯ ಸಲಕ್ಕೆ ಅನ್ನುವವನು ಎಲ್ಲೋ ದೊಡ್ಡ ಪಟ್ಟಣದಲ್ಲಿ ಬೆಳೆದು ಕೆಟ್ಟವನು. ಮರ್ಯಾದಸ್ಥನಾದವನು ಮೂರನೆಯ ಕರೆಗೆ ಕಾಯುತ್ತಾನೆ. ಅಯೋವಾದ ಆ ಭಾಗದಲ್ಲಿ ಮದುವೆಗಳು ಕೂಡ ಹೀಗೇ ನಡೆದಿವೆ ಅನ್ನುತ್ತಾರೆ.

ಅವರಿಬ್ಬರೂ ನಿಂತಿದ್ದದ್ದು ಶಾಲೆಯ ಬ್ಯಾಸ್ಕೆಟ್‌ಬಾಲ್ ಹಾಲಿನಲ್ಲಿ, ಹೊರಬಾಗಿಲ ಪಕ್ಕದ ಮೂಲೆಯಲ್ಲಿ. ಬೂಟುಗಳಿಂದ ಕರಗಿದ ಹಿಮ ನೆಲದ ತುಂಬ ಸಣ್ಣ ಸಣ್ಣ ಕೆರೆ ಕಟ್ಟಿತ್ತು. ಅವತ್ತು ಕಾಕಸ್ಸಿನ ಸಂಜೆ. ಪಕ್ಷದ ಕಡೆಯಿಂದ ದೇಶದ ಅಧ್ಯಕ್ಷ ಪದವಿಗೆ ಯಾರು ನಿಲ್ಲಬೇಕು ಅಂತ ಊರವರು ಹೇಳುವ ದಿನ. ಹೇಳುವುದೂ ಬಾಯಲ್ಲಲ್ಲ, ಚೀಟಿಯಲ್ಲಲ್ಲ, ಕಾಲಲ್ಲಿ. ಯಾರು ಇಷ್ಟವೋ ಅವರ ಹೆಸರಿನ ಮೂಲೆಗೆ ಹೋಗಿ, ಊರೆಲ್ಲ ನೋಡುವ ಹಾಗೆ ನಿಲ್ಲಬೇಕು. ಗುಟ್ಟು ಅನ್ನುವುದೇ ಇಲ್ಲ. ನೂರಕ್ಕೆ ಹದಿನೈದು ಜನ ಸೇರದ ಮೂಲೆಯನ್ನು ಮುಚ್ಚಿಸಿ, ಅಲ್ಲಿದ್ದವರನ್ನು ಬೇರೆ ಮೂಲೆಗೆ ಓಡಿಸುತ್ತಾರೆ.

ಮರ್ಲ್ ನಿಂತ ಮೂಲೆ ಟಾಲಿವರ್ ಸಾಹೇಬರದು. ಹಾಸಿಗೆ ಕಾರ್ಖಾನೆ ಕಟ್ಟಿ ಕೋಟಿಗಟ್ಟಲೆ ಗಳಿಸಿದ ಮನುಷ್ಯ. “ಸಂಪತ್ತು ಅಪರಾಧವಲ್ಲ” ಅಂತ ಊರೂರಲ್ಲಿ ಫಲಕ ಹಾಕಿಸಿದ್ದ. ಮರ್ಲ್ ಮದುವೆಯಾದಾಗಿನಿಂದ ಹೊಸ ಹಾಸಿಗೆ ಕೊಂಡವನಲ್ಲ. ಇದ್ದ ಹಾಸಿಗೆಯ ನಡುವೆ ಗುಂಡಿ ಬಿದ್ದು, ರಾತ್ರಿ ಎಷ್ಟು ಜಗಳವಾಡಿ ಮಲಗಿದರೂ ಬೆಳಗ್ಗೆ ಗಂಡ ಹೆಂಡತಿ ಒಂದೇ ಕಡೆ ಉರುಳಿಕೊಂಡಿರುತ್ತಿದ್ದರು. ಅವರ ಸಂಸಾರ ಗಟ್ಟಿಯಾಗಿ ನಿಂತಿದ್ದರಲ್ಲಿ ಆ ಗುಂಡಿಯ ಪಾಲೂ ಇತ್ತು. ಆದರೂ ಅವನು ಟಾಲಿವರ್ ಮೂಲೆಯಲ್ಲಿ ನಿಂತಿದ್ದ.

ಹೆಂಡತಿ ಆರ್ಲಿಸ್ ನಿಂತಿದ್ದದ್ದು ಎದುರಿನ ಮೂಲೆಯಲ್ಲಿ, ಹೀಟರಿನ ಪಕ್ಕ. ನಿಂತಿದ್ದಳು ಅಷ್ಟೇ ಅಲ್ಲ, ಆ ಮೂಲೆಯ ಮುಖಂಡಳೇ ಅವಳು. ಸೆನೆಟರ್ ಹಾಲೋವೇ ಅನ್ನುವ ಹೆಣ್ಣುಮಗಳ ಕಡೆ.

ಹಿಂದಿನ ವಾರ ಟೀವಿಯಲ್ಲಿ ಅಭ್ಯರ್ಥಿಗಳ ವಾಗ್ವಾದ ನಡೆದಾಗ, ಅದಕ್ಕಿಂತ ದೊಡ್ಡದು ಇವರ ಅಡುಗೆಮನೆಯಲ್ಲಿ ನಡೆದಿತ್ತು.

“ದೊಡ್ಡ ಕುಳಗಳ ಆಸ್ತಿ ಮೇಲೆ ತೆರಿಗೆ ಹಾಕ್ತಾಳಂತೆ, ಕೇಳು,” ಅಂದಿದ್ದಳು ಆರ್ಲಿಸ್, ಆಲೂಗಡ್ಡೆ ಹೆರೆಯುತ್ತ.

“ಕೇಳಿಸ್ತು. ನಮ್ಮ ಗ್ರಹಚಾರ.”

“ನಮಗ್ಯಾಕೆ ಗ್ರಹಚಾರ? ಬ್ರೆಡ್ಡಿನ ಪ್ಲಾಸ್ಟಿಕ್ ಚೀಲ ತೊಳೆದು ತಂತಿ ಮೇಲೆ ಒಣಗಹಾಕೋನು ನೀನು.”

“ಅದಕ್ಕೇ ಸ್ಥಿತಿವಂತ ಆಗಿರೋದು. ನೆಲದ ಬೆಲೆ ಈಗ ಏನಾಗಿದೆ ಗೊತ್ತಾ?”

“ಮಾರ್ತೀಯಾ ಹಂಗಾದ್ರೆ?”

“ತಲೆ ಕೆಟ್ಟಿದ್ಯಾ? ನಮ್ಮಜ್ಜ ಮಾಡಿದ ನೆಲ.”

“ಮಾರದ ನೆಲಕ್ಕೆ ಬೆಲೆ ಕಟ್ಕೊಂಡು ಕೂತಿದೀಯಲ್ಲ, ದೇವರೇ ಕಾಪಾಡ್ಬೇಕು. ಐದು ಕೋಟಿ ಡಾಲರ್ ದಾಟಿದವರಿಗೆ ಮಾತ್ರ ಅಂತೆ ಈ ತೆರಿಗೆ. ನಮ್ಮದು ಅಷ್ಟಾಗುತ್ತಾ?”

ಆಗಲ್ಲ ಅಂದಿದ್ದರೆ ಮುಗಿಯುತ್ತಿತ್ತು. ನೆಲ, ಮನೆ, ಹಂದಿಗಳು, ಟ್ರ್ಯಾಕ್ಟರು ಎಲ್ಲ ಸೇರಿಸಿ, ಮೇಲೆ ಆರ್ಲಿಸಳ ತಾಯಿಯ ಪಿಂಗಾಣಿ ತಟ್ಟೆಗಳನ್ನೂ ಇಟ್ಟರೂ ಐದು ಕೋಟಿಯ ಹತ್ತಿರ ಸುಳಿಯುತ್ತಿರಲಿಲ್ಲ. ಆದರೆ ‘ಆಗಲ್ಲ’ ಅನ್ನುವ ಮಾತು ಮರ್ಲ್‌ನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ನಿಂತಿತು. “ಇಂಥದ್ದೆಲ್ಲ ಬಾಯಿ ಬಿಟ್ಟು ಆಡೋ ಮಾತಲ್ಲ,” ಎಂದು ಎದ್ದು ಹೋದ.

ಕಾರಣವಿತ್ತು. ಪ್ರೇರಿ ಬೆಂಡ್‌ನಲ್ಲಿ ‘ನಿಂದೆಷ್ಟು ಎಕರೆ’ ಅಂತ ಕೇಳುವುದೂ ಒಂದೇ, ‘ಪ್ಯಾಂಟು ಬಿಚ್ಚು’ ಅನ್ನುವುದೂ ಒಂದೇ. ಇದೆ ಅಂತ ಹೇಳಿಕೊಳ್ಳುವುದಂತೂ ಇನ್ನೂ ಹೇಸಿಗೆ. ಹಾಗಾಗಿ ಒಬ್ಬ ಮನುಷ್ಯ ನಲವತ್ತು ವರ್ಷ ಬೆವರು ಸುರಿಸಿ ಅಷ್ಟೋ ಇಷ್ಟೋ ಮಾಡಿಕೊಂಡರೂ ಅದನ್ನು ನಾಲ್ಕು ಜನಕ್ಕೆ ತಿಳಿಸುವ ದಾರಿಯೇ ಇರಲಿಲ್ಲ. ಈ ಸೆನೆಟರಮ್ಮ ಬಂದು ಆ ದಾರಿ ತೋರಿಸಿದಳು. ಡ್ವೇನ್‌ನ ಬೀಜದ ಅಂಗಡಿಯಲ್ಲಿ ದಿನಾ ಬೆಳಗ್ಗೆ ಕಾಫಿಗೆ ಕೂರುವ ಐದು ಜನ ಗಂಡಸರು ಅವಳ ತೆರಿಗೆಯ ಸುದ್ದಿ ಎತ್ತಿ ನರಳತೊಡಗಿದರು. ಯಾರು ಎಷ್ಟು ಜೋರಾಗಿ ನರಳುತ್ತಾನೋ ಅವನು ಅಷ್ಟು ದೊಡ್ಡ ಕುಳ. ಮರ್ಲ್ ನರಳುವುದರಲ್ಲಿ ಎಲ್ಲರನ್ನೂ ಮೀರಿಸಿದ್ದ. ಈ ಚಳಿಗಾಲದಷ್ಟು ಸುಖವಾದ ಚಳಿಗಾಲವನ್ನು ಅವನು ಕಂಡೇ ಇರಲಿಲ್ಲ.

ಸಂಜೆ ಟ್ರಕ್ಕಿನಲ್ಲಿ ಬರುವಾಗ ಆರ್ಲಿಸ್ ದಾಲ್ಚಿನ್ನಿ ರೋಲುಗಳ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಕಡೆ ನೋಡುತ್ತ ಅಂದಿದ್ದಳು: “ಜನ ಸಾಲದಿದ್ರೆ ನನ್ನ ಮೂಲೆ ಮುಚ್ಚಿಸ್ತಾರೆ. ಆಮೇಲೆ ಡ್ವೇನ್ ಬಂದು, ‘ಹೆಂಗೂ ಸುಮ್ಮನೆ ನಿಂತಿದೀಯಲ್ಲ ಆರ್ಲಿಸ್, ಕಾಫಿ ಹಂಚಿಬಿಡು’ ಅಂತಾನೆ. ನೋಡ್ತಿರು.”

ಮರ್ಲ್ ಸಹಕಾರ ಸಂಘದ ಅಧ್ಯಕ್ಷನಾಗಿದ್ದಾಗ, ಅಗ್ನಿಶಾಮಕ ಸಮಿತಿಯಲ್ಲಿದ್ದಾಗ, ಶಾಲಾ ಮಂಡಳಿಯಲ್ಲಿದ್ದಾಗ ಎಲ್ಲ ಸಭೆಗೂ ಕಾಫಿ ಹೊತ್ತು ತಂದವಳು ಅವಳೇ. ಮುಖಂಡಳೆಂದು ಅವಳ ಹೆಸರು ಗೋಡೆಯ ಮೇಲೆ ಬಂದದ್ದು ಇದೇ ಮೊದಲು. ಅದಕ್ಕಾಗಿ ಅವಳು ಹಿಮದಲ್ಲಿ ಮನೆಮನೆ ಬಾಗಿಲು ತಟ್ಟಿದ್ದಳು. ಮರ್ಲ್‌ಗೆ ಇದೆಲ್ಲ ಗೊತ್ತಿತ್ತು. ‘ನೀನೂ ಬಾ’ ಅನ್ನುತ್ತಾಳೇನೋ ಅಂತ ಊರು ಬರುವವರೆಗೂ ಕಾದ. ಅವಳು ಅನ್ನಲಿಲ್ಲ. ಅವನು ಕೇಳಲಿಲ್ಲ.

ಈಗ ವರ್ಲಾ ಟೀಚರ್ ಹಾಲಿನ ನಡುವೆ ಬಂದು ಹಿತ್ತಾಳೆಯ ಕೈಗಂಟೆ ಆಡಿಸಿದರು. ಅವತ್ತಿನ ಸಭೆ ನಡೆಸುವವರು ಅವರು. ಹಾಲಿನಲ್ಲಿದ್ದ ನರೆತಲೆಗಳಲ್ಲಿ ಅರ್ಧಕ್ಕರ್ಧ ಒಂದು ಕಾಲಕ್ಕೆ ಅವರ ಭಾನುವಾರದ ಬೈಬಲ್ ಪಾಠಕ್ಕೆ ಹೋದವೇ.

“ಸುಮ್ಮನಿರ್ರೋ! ಲೆಕ್ಕ ಆಯ್ತು. ಹನ್ನೆರಡು ಜನ ಇಲ್ಲದ ಮೂಲೆ ನಡೆಯಲ್ಲ. ಗವರ್ನರ್ ಪ್ರೆಸ್ಕಾಟ್ ಮೂಲೆ ತುಂಬಿ ತುಳುಕ್ತಿದೆ. ಟಾಲಿವರ್ ಮೂಲೇಲಿ ಐದು. ಹಾಲೋವೇ ಮೂಲೇಲಿ ಹನ್ನೊಂದು.”

ಆರ್ಲಿಸಳ ಮುಖ ಸುಟ್ಟ ರೊಟ್ಟಿಯ ಹಾಗಾಯಿತು. ಒಬ್ಬರು! ಒಬ್ಬರು ಸಾಲದೆ ಹೋಯಿತು.

“ಈಗ ಅರ್ಧ ಗಂಟೆ ಪುಸಲಾಯಿಸೋಕೆ,” ಅಂದರು ಟೀಚರ್. “ಮೂಲೆಗೆ ಒಬ್ಬೊಬ್ಬರು ಮಾತಾಡ್ಲಿ. ಯಾರೂ ಎಳೆದಾಡ್ಬೇಡಿ. ಹೋದ ಸಲ ಒಂದು ತೋಳು ಉಳುಕಿತ್ತು.”

ಗವರ್ನರ್ ಮೂಲೆಯವನೊಬ್ಬ ನಗುನಗುತ್ತ ಬಂದು ಮರ್ಲ್‌ನ ಹೆಗಲ ಮೇಲೆ ಕೈಯಿಟ್ಟ.

“ತೆರಿಗೆ ವಿಷಯಕ್ಕೆ ನಿಮ್ಮ ಗವರ್ನರ್ ಏನಂತಾನಪ್ಪಾ?” ಕೇಳಿದ ಮರ್ಲ್.

“ಸಮಿತಿ ಮಾಡ್ತಾನಂತೆ.”

“ಸಮಿತಿ ಏನು ಮಾಡುತ್ತೆ?”

“ಅದನ್ನ ಸಮಿತಿನೇ ತೀರ್ಮಾನ ಮಾಡುತ್ತೆ.”

ಅಷ್ಟರಲ್ಲಿ ಆರ್ಲಿಸ್ ಎದುರು ಮೂಲೆಯಲ್ಲಿ ಮಡಿಸುವ ಕುರ್ಚಿಯೊಂದರ ಮೇಲೆ ಹತ್ತಿ ನಿಂತಿದ್ದಳು. ಕುರ್ಚಿ ಅಲುಗಾಡುತ್ತಿತ್ತು, ದನಿ ಅದಕ್ಕಿಂತ ಹೆಚ್ಚು.

“ನಂಗೆ ಭಾಷಣ ಬರಲ್ಲ. ಒಂದೇ ಒಂದು ಕೇಳ್ತೀನಿ. ಈ ತೆರಿಗೆ ಐದು ಕೋಟಿ ಡಾಲರ್ ಆಸ್ತಿ ಇರೋರಿಗೆ ಮಾತ್ರ. ಈ ಹಾಲಲ್ಲಿ ಅಷ್ಟಿರೋರು ಯಾರಾದ್ರೂ ಇದ್ರೆ ಕೈ ಎತ್ತಿ. ಅವರ ತಂಟೆಗೆ ನಾನು ಬರಲ್ಲ. ಮಿಕ್ಕೋರು ಯಾಕೆ ಹೆದರ್ಕೊಂಡಿದೀರಿ, ಅದನ್ನ ಹೇಳಿ.”

ಹೆಂಗಸು ಹೀಗೆ ಎಲ್ಲರೆದುರು ಆಸ್ತಿ ಕೇಳಿಬಿಡುವುದೇ! ಟಾಲಿವರ್ ಮೂಲೆಯ ಐದು ಗಂಡಸರು ಒಟ್ಟಿಗೇ ಛಾವಣಿ ನೋಡತೊಡಗಿದರು. ಕೈ ಎತ್ತಿದರೆ ಸುಳ್ಳು. ಎತ್ತದಿದ್ದರೆ ಚಳಿಗಾಲವೆಲ್ಲ ನರಳಿದ್ದು ನೀರುಪಾಲು.

ವರ್ಲಾ ಟೀಚರ್ ಕನ್ನಡಕ ಏರಿಸಿಕೊಂಡು ಪೆನ್ಸಿಲ್ ನೆಕ್ಕಿದರು. “ಎತ್ತಿ, ಎತ್ತಿ, ನಾಚಿಕೆ ಬೇಡ. ಚರ್ಚಿನ ಛಾವಣಿ ಸೋರ್ತಿದೆ. ಚಂದಾಕ್ಕೆ ಯಾರ ಮನೆಗೆ ಹೋಗ್ಬೇಕು ಅಂತ ನಂಗೂ ತಿಳೀಲಿ.”

ಇಷ್ಟು ಸಾಕಾಯಿತು. ಇಲ್ಲಿಯವರೆಗೆ ಸಿರಿವಂತಿಕೆಯಲ್ಲಿ ಪೈಪೋಟಿ ನಡೆಸಿದ್ದ ಗಂಡಸರು ಬಡತನದಲ್ಲಿ ಪೈಪೋಟಿಗೆ ಬಿದ್ದರು.

“ನನ್ನ ಬೂಟು ನೋಡಿ ಟೀಚರ್, ನಮ್ಮಪ್ಪಂದು!” ಅಂದ ಒಬ್ಬ.

“ನಾನು ಹಲ್ಲು ಕಟ್ಟಿಸ್ಕೊಂಡಿಲ್ಲ, ನೋಡಿ,” ಎಂದು ಇನ್ನೊಬ್ಬ ಬಾಯಿ ಅಗಲಿಸಿದ.

“ನಮ್ಮಂಥ ಬಡವರಿಗೆ ಸಮಿತಿನೇ ಸರಿ,” ಎಂದು ಡ್ವೇನ್ ಎಲ್ಲರಿಗಿಂತ ಮುಂದಾಗಿ ಗವರ್ನರ್ ಮೂಲೆಗೆ ದಾಪುಗಾಲು ಹಾಕಿದ. ಮಿಕ್ಕ ಮೂವರು ಅವನ ಬೆನ್ನು ಹಿಡಿದು ಹೋದರು.

ಮರ್ಲ್ ಮಾತ್ರ ಅಲ್ಲೇ ಉಳಿದ. ಛಲಕ್ಕಲ್ಲ. ಅವನಿಗೆ ಕಾಲು ಬರಲಿಲ್ಲ, ಅಷ್ಟೆ. ‘ಸಂಪತ್ತು ಅಪರಾಧವಲ್ಲ’ ಅನ್ನುವ ಫಲಕದ ಕೆಳಗೆ ಒಬ್ಬನೇ ನಿಂತ ಅವನನ್ನು ಊರೆಲ್ಲ ತಿರುಗಿ ನೋಡಿತು.

“ಅಯ್ಯೋ, ಮರ್ಲ್‌ಗೆ ಐದು ಕೋಟಿ ಇದೆಯಂತೆ ಕಣೇ,” ಎಂದು ಯಾರೋ ಪಿಸುಗುಟ್ಟಿದರು.

“ಅದಕ್ಕೇ ಆ ಹಳೇ ಟ್ರಕ್ಕು ಓಡಿಸೋದು. ನಿಜವಾದ ಸಾಹುಕಾರರು ಹಂಗೇ.”

ಜನ್ಮವಿಡೀ ಕೇಳಬೇಕೆಂದಿದ್ದ ಮಾತು ಕೊನೆಗೂ ಕಿವಿಗೆ ಬಿತ್ತು. ಒಂದು ಗಳಿಗೆ ಎದೆ ಉಬ್ಬಿತು ಕೂಡ. ಆಮೇಲೆ ಅದು ಬೇರೆ ಯಾರದೋ ಕೋಟು ತೊಟ್ಟ ಹಾಗೆ ಹೆಗಲ ಮೇಲೆ ಕೂರದೆ ಜಾರತೊಡಗಿತು. ಬೆನ್ನ ಹಿಂದಿನ ಬಾಗಿಲ ಸಂದಿಯಿಂದ ಚಳಿಗಾಳಿ ಕತ್ತಿನೊಳಗೆ ಇಳಿಯುತ್ತಿತ್ತು.

“ಛಾವಣಿ ಒಂದೇ ಅಲ್ಲ ಕಣೋ ಮರ್ಲ್,” ಅಂದರು ಟೀಚರ್ ಅಕ್ಕರೆಯಿಂದ. “ಗಂಟೆ ಗೋಪುರಾನೂ ಇದೆ.”

ಮರ್ಲ್ ಹೆಂಡತಿಯ ಕಡೆ ನೋಡಿದ. ಆರ್ಲಿಸ್ ಕುರ್ಚಿಯಿಂದ ಇಳಿದಿದ್ದಳು. ಮಿಕ್ಕ ಹತ್ತು ಜನ ಅವಳ ಹಿಂದೆ ಕೋಳಿಮರಿಗಳ ಹಾಗೆ ಒತ್ತಿಕೊಂಡಿದ್ದರು.

“ಮರ್ಲ್,” ಅಂದಳು ಅವಳು, “ಆ ಬಾಗಿಲ ಹತ್ರ ಗಾಳಿ ಬರ್ತಿದೆ ಅಲ್ವಾ?”

“ಪರವಾಗಿಲ್ಲ,” ಅಂದ ಮರ್ಲ್. ಬಾಯಿ ತಾನಾಗಿಯೇ ಅಂದುಬಿಟ್ಟಿತು.

“ಈ ಕಡೆ ಹೀಟರ್ ಇದೆ. ಬೆಚ್ಚಗಿದೆ.”

“ಸ್ವೆಟರ್ ಹಾಕ್ಕೊಂಡಿದೀನಿ.”

ಎರಡಾಯಿತು. ಇನ್ನೊಂದು ಕರೆ, ಅಷ್ಟೇ. ಮೂರನೆಯ ಸಲ ಕರೆದರೆ ಮರ್ಲ್ ಹೋಗುತ್ತಾನೆ, ಹೋಗಲೇಬೇಕು ಅನ್ನುವುದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಗಡಿಯಾರದಲ್ಲಿ ಅರ್ಧ ಗಂಟೆ ಮುಗಿದಿತ್ತು. ವರ್ಲಾ ಟೀಚರ್ ಗಂಟೆಯನ್ನು ಎತ್ತಿದವರು, ಅದು ಬಾರಿಸದ ಹಾಗೆ ಅದರ ನಾಲಗೆಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ನಿಂತರು.

ಆರ್ಲಿಸ್ ಬಾಯಿ ತೆರೆದಳು, ಮುಚ್ಚಿದಳು. ಸೊಂಟದ ಮೇಲೆ ಕೈಯಿಟ್ಟಳು.

“ಮೂರನೇ ಸಲ ನಾನು ಕರೆಯಲ್ಲ, ಮರ್ಲ್. ನಲವತ್ತು ವರ್ಷ ನಿನ್ನ ಸಭೆಗಳಿಗೆ ಕಾಫಿ ತಂದಿದೀನಿ. ಒಂದೇ ಒಂದು ಸಲಾನಾದ್ರೂ ನನ್ನ ಕರೆದಿದ್ಯಾ?”

ಮರ್ಲ್ ನೆನಪಿಸಿಕೊಳ್ಳಲು ನೋಡಿದ. ಸಹಕಾರ ಸಂಘ, ಅಗ್ನಿಶಾಮಕ ಸಮಿತಿ, ಶಾಲಾ ಮಂಡಳಿ. ಎಲ್ಲ ಕಡೆಯೂ ಕಾಫಿ ಇತ್ತು. ಮೇಜಿನ ಮೇಲೆ ತಾನಾಗಿ ಹುಟ್ಟಿದ ಹಾಗೆ ಇರುತ್ತಿತ್ತು.

ಅವನು ಟೋಪಿ ತೆಗೆದ. ಕರೆಯದೆ ಎಲ್ಲಿಗೂ ಹೋದವನಲ್ಲ. ಈಗ ಹೊರಟ. ಒದ್ದೆ ನೆಲದ ಮೇಲೆ ಬೂಟು ಕಿರ್ ಕಿರ್ ಅನ್ನುತ್ತ ಹಾಲಿನ ಉದ್ದಕ್ಕೂ ಸದ್ದಾಯಿತು. ಗವರ್ನರ್ ಮೂಲೆಯ ಮುಂದೆ ಹಾಯುವಾಗ ಡ್ವೇನ್ ಕತ್ತು ಚಾಚಿದ.

“ಎಲ್ಲಿಗೋ ಹೊರಟೆ? ಹಂಗಾದ್ರೆ ಐದು ಕೋಟಿ ಇಲ್ವೇನೋ?”

“ಇಲ್ಲ ಕಣೋ,” ಅಂದ ಮರ್ಲ್, ಊರಿಗೆಲ್ಲ ಕೇಳುವ ಹಾಗೆ. ಎರಡು ಹೆಜ್ಜೆ ಹೋಗಿ ತಿರುಗಿ ಸೇರಿಸಿದ: “ಸಾಲದ್ದಕ್ಕೆ ಅಲ್ಲಿ ಗಾಳಿ ಬೇರೆ ಬರ್ತಿದೆ.”

ಅವನ ಬೂಟು ಹೀಟರಿನ ಬಳಿಯ ಗೆರೆ ದಾಟಿತೋ ಇಲ್ಲವೋ, ಟೀಚರ್ ಬೆರಳು ಬಿಟ್ಟರು. ಗಂಟೆ ಛಾವಣಿ ಕಿತ್ತುಹೋಗುವ ಹಾಗೆ ಬಾರಿಸಿತು. “ಹನ್ನೆರಡು!” ಎಂದು ಕೂಗಿ, ಪೆನ್ಸಿಲಿನಿಂದ ಏನನ್ನೋ ಬೇಸರದಿಂದ ಹೊಡೆದುಹಾಕಿದರು. ಗಂಟೆ ಗೋಪುರವಿರಬೇಕು.

ಆರ್ಲಿಸ್ ಗಂಡನನ್ನು ಅಪ್ಪಿಕೊಳ್ಳಲಿಲ್ಲ. ಆ ಊರಲ್ಲಿ ಅದೆಲ್ಲ ಇಲ್ಲ. ಅವನ ಸ್ವೆಟರಿಗೆ ಅಂಟಿದ್ದ ಬಿಸ್ಕತ್ತಿನ ಚೂರನ್ನು ಒರೆಸಿದಳು. ಮೂಲೆಯವರೆಲ್ಲ ಅವಳನ್ನು ಸುತ್ತುವರಿದು, ಜಿಲ್ಲಾ ಸಭೆಗೆ ಪ್ರತಿನಿಧಿಯಾಗಿ ನೀನೇ ಹೋಗಬೇಕು ಅಂತ ಹಟ ಹಿಡಿದರು. ಅವಳು ಎರಡು ಸಲ ಬೇಡ ಅಂದು ಮೂರನೆಯ ಸಲ ಒಪ್ಪಿಕೊಂಡಳು.

“ಆರ್ಲಿಸ್,” ಅಭ್ಯಾಸಬಲದಿಂದ ಕೂಗಿದ ಡ್ವೇನ್ ಆಚೆ ಮೂಲೆಯಿಂದ, “ಕಾಫಿ ಏನಾಯ್ತಮ್ಮಾ?”

“ಅವಳಿಗೆ ಕೆಲಸ ಇದೆ ಕಣೋ. ನಿಂಗೆ ಬೇಕಾದ್ರೆ ನೀನೇ ಬಂದು ಬಗ್ಗಿಸ್ಕೋ,” ಅಂದ ಮರ್ಲ್.

ಹಾಗೆ ಅಂದವನು ತಾನೇ ಕಾಫಿಯ ದೊಡ್ಡ ಕೊಳಗದ ಹತ್ತಿರ ಹೋದ. ಅದರ ನಲ್ಲಿಯನ್ನು ಎತ್ತಬೇಕೋ ಒತ್ತಬೇಕೋ ತಿಳಿಯದೆ ಎರಡೂ ಮಾಡಿದ. ಬಿಸಿ ಕಾಫಿ ಎಡಗಾಲಿನ ಬೂಟಿನ ಮೇಲೆ ಸುರಿಯಿತು. ಅಂತೂ ಒಂದು ಬಟ್ಟಲು ಮುಕ್ಕಾಲು ತುಂಬಿಸಿಕೊಂಡು, ಎರಡೂ ಕೈಯಲ್ಲಿ ಹಿಡಿದು, ಕುಂಟುತ್ತ ಹೀಟರಿನ ಮೂಲೆಗೆ ಬಂದ.

“ಕಾಫಿ,” ಅಂದ.

ಇನ್ನೂ ಎರಡು ಸಲ ಹೇಳುವುದಕ್ಕೆ ಅವನು ಬಾಯಿ ಸಿದ್ಧಮಾಡಿಕೊಳ್ಳುತ್ತಿದ್ದ. ಅಷ್ಟರಲ್ಲಿ ಆರ್ಲಿಸ್ ಮೊದಲ ಕರೆಗೇ ಕೈ ಚಾಚಿ ಬಟ್ಟಲು ತೆಗೆದುಕೊಂಡು, ಒಂದು ಗುಟುಕು ಕುಡಿದಳು.