ಹುಲ್ಲಿನಲ್ಲಿ ಚೆಲ್ಲಿದ ಕ್ರೋಕಸ್

ನಿಂಕೆ ನೆಲದ ಮೇಲೆ ಮನೆ ಮಾಡಿದ್ದು ನಲವತ್ತು ದಾಟಿದ ಮೇಲೆ. ಅಲ್ಲಿಯವರೆಗೆ ಅವಳಿಗೆ ಮನೆ ಎಂದರೆ ಅಪ್ಪ ಅಮ್ಮನ ಸರಕು ದೋಣಿ. ಮರಳು, ಜಲ್ಲಿ, ಒಮ್ಮೊಮ್ಮೆ ದನದ ಮೇವು ತುಂಬಿಕೊಂಡು ನಮ್ಮ ಫ್ರೀಸ್‌ಲ್ಯಾಂಡ್ ಸೀಮೆಯ ಕಾಲುವೆಗಳಲ್ಲಿ ಓಡಾಡುವ ದೋಣಿ ಅದು. ಅಲ್ಲೇ ಹುಟ್ಟಿದಳು, ಅಲ್ಲೇ ಬೆಳೆದಳು, ಅಪ್ಪನಿಗೆ ಬೆನ್ನುನೋವು ಹತ್ತಿಕೊಂಡ ಮೇಲೆ ಚುಕ್ಕಾಣಿಯನ್ನೂ ಅವಳೇ ಹಿಡಿದಳು.

ನಮ್ಮೂರಿನ ಸೇತುವೆಯನ್ನು ಎತ್ತಿ ಇಳಿಸುವ ಕೆಲಸ ಗೆರ್ಬೆನ್‌ನದು. ದೋಣಿ ಬಂದಾಗ ಅವನು ಉದ್ದ ಕೋಲಿನ ತುದಿಗೆ ಕಟ್ಟಿದ ಮರದ ಪಾದರಕ್ಷೆಯೊಂದನ್ನು ಕೆಳಗೆ ಇಳಿಬಿಡುತ್ತಾನೆ. ದೋಣಿಯವರು ಅದರೊಳಗೆ ಸುಂಕದ ನಾಣ್ಯ ಹಾಕುತ್ತಾರೆ. ಒಂದು ಮಾರ್ಚಿನಲ್ಲಿ ಹಾಗೆ ಇಳಿದು ಬಂದ ಪಾದರಕ್ಷೆಯಲ್ಲಿ ಒಂದು ಹಿಡಿ ನೇರಳೆ ಹೂಗಳಿದ್ದವು.

"ಇದೇನ್ರೀ ಇದು?" ಎಂದು ನಿಂಕೆ ಕೆಳಗಿನಿಂದ ಕೂಗಿದಳಂತೆ.

"ಹೋದ ಸಲದ ಚಿಲ್ಲರೆ" ಎಂದನಂತೆ ಗೆರ್ಬೆನ್.

ಮುಂದಿನ ವರ್ಷ ಅವರ ಮದುವೆಯಾಯಿತು. ಬೀದಿಯ ನಮಗೆಲ್ಲ ಸಮಾಧಾನವೇ ಆಯಿತೆನ್ನಿ. ಮೊದಲ ಹೆಂಡತಿ ಲೀಸ್ಬೆತ್ ತೀರಿಕೊಂಡ ಮೇಲೆ ಗೆರ್ಬೆನ್ ಕಿಟಕಿಯ ಬಳಿ ನಿಂತುಕೊಂಡೇ ಊಟ ಮುಗಿಸುವುದನ್ನು ವರ್ಷಗಟ್ಟಲೆ ನೋಡಿದವರು ನಾವು. ಎದುರು ಮನೆಯ ಹಿಸ್ಕೆ ಮಾತ್ರ ಒಳ್ಳೆಯದನ್ನೂ ಹೇಳಲಿಲ್ಲ, ಕೆಟ್ಟದ್ದನ್ನೂ ಹೇಳಲಿಲ್ಲ. ಹಿಸ್ಕೆ ಲೀಸ್ಬೆತ್‌ಳ ತಾಯಿ. ಮದುವೆಗೆ ಬಂದಳು, ಕೇಕ್ ತಿಂದಳು, ಕೈಕುಲುಕಿದಳು, ಹೋದಳು. ಆಮೇಲೆ ನಿಂಕೆ ಬೀದಿಯಲ್ಲಿ ಎದುರಾದರೆ ತಲೆಯಾಡಿಸುವುದು, ಅಷ್ಟೇ.

ಹಿಸ್ಕೆಗೆ ಒಂದು ಅಭ್ಯಾಸವಿತ್ತು. ಚಳಿಗಾಲದ ಕೊನೆಯಲ್ಲಿ ಗೆರ್ಬೆನ್‌ನ ಹಿತ್ತಿಲಲ್ಲಿ ಕ್ರೋಕಸ್ ಹೂಗಳು ಅರಳಿದಾಗ ತನ್ನ ಅಡುಗೆಮನೆಯ ಕುರ್ಚಿಯನ್ನು ಎತ್ತಿಕೊಂಡು ರಸ್ತೆ ದಾಟಿ ಬರುತ್ತಿದ್ದಳು. ಕೋಟು ಹಾಕಿಕೊಂಡು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮಗಳು ನೆಟ್ಟ ಹೂಗಳ ಮುಂದೆ ಕೂರುವಳು. ಯಾರೂ ಮಾತಾಡಿಸುತ್ತಿರಲಿಲ್ಲ. ನಿಂಕೆ ಮದುವೆಯಾಗಿ ಬಂದದ್ದು ಜೂನ್ ತಿಂಗಳಲ್ಲಿ. ಈ ಕುರ್ಚಿಯ ಸಂಗತಿ ಅವಳಿಗೆ ಯಾರು ಹೇಳಬೇಕು?

ಅಕ್ಟೋಬರಿನಲ್ಲಿ ಅವಳಿಗೆ ಕೆಂಪು ಕರ್ರಂಟ್ ಹಣ್ಣಿನ ಗಿಡ ನೆಡುವ ಹುಮ್ಮಸ್ಸು ಬಂತು. ಸ್ವಂತ ಮಣ್ಣು ಎಂಬುದು ಅವಳ ಪಾಲಿಗೆ ಅದೇ ಮೊದಲು. ಬೇಲಿಯ ಪಕ್ಕ ಒಳ್ಳೆಯ ಬಿಸಿಲು ಬೀಳುವ ಒಂದು ಪಾತಿ ಬರಿದಾಗಿ ಬಿದ್ದಿತ್ತು. ಗೆರ್ಬೆನ್ ಕೆಲಸಕ್ಕೆ ಹೋದಾಗ ಸಲಿಕೆ ತೆಗೆದುಕೊಂಡು ಒಂದು ಕಡೆಯಿಂದ ಅಗೆಯುತ್ತಾ ಹೋದಳು. ಸಲಿಕೆ ಹಾಕಿದಲ್ಲೆಲ್ಲ ಕಂದು ಸಿಪ್ಪೆಯ ಪುಟ್ಟ ಪುಟ್ಟ ಗೆಡ್ಡೆಗಳು. ಯಾರೋ ಕೀಳದೆ ಬಿಟ್ಟ ಸಣ್ಣ ಈರುಳ್ಳಿ ಇರಬೇಕೆಂದುಕೊಂಡು ಬಕೆಟ್ಟಿಗೆ ತುಂಬಿದಳು. ಒಂದನ್ನು ಕಚ್ಚಿಯೂ ನೋಡಿದಳಂತೆ.

ಸಂಜೆ ಗೆರ್ಬೆನ್ ಬಂದವನು ಬಕೆಟ್ಟಿನೊಳಗೆ ಇಣುಕಿ, ಸೈಕಲ್ಲಿಗೆ ಸ್ಟ್ಯಾಂಡು ಹಾಕುವುದನ್ನೂ ಮರೆತ. ಸೈಕಲ್ ದಡಾರನೆ ಬಿತ್ತು.

"ಈರುಳ್ಳಿ ಅಲ್ಲ ಕಣೇ ಇವು."

"ಮತ್ತೆ? ರುಚಿ ಏನೂ ಚೆನ್ನಾಗಿಲ್ಲಪ್ಪ."

"ಕ್ರೋಕಸ್ ಗೆಡ್ಡೆ. ಲೀಸ್ಬೆತ್ ನೆಟ್ಟಿದ್ದು."

ನಿಂಕೆಯ ಕೈಯಿಂದ ಸಲಿಕೆ ಜಾರಿತು. ಗೆರ್ಬೆನ್ ಬೈಯಲಿಲ್ಲ. ಹೇಳದೆ ಇದ್ದದ್ದು ತನ್ನದೇ ತಪ್ಪೆಂದ. ಪಾತಿಯಲ್ಲಿ ಪ್ರತಿ ಜಾತಿಗೂ ಒಂದೊಂದು ಸಾಲು ಇತ್ತೆಂದೂ, ಹಿಸ್ಕೆ ಬಂದು ಕೂರುತ್ತಾಳೆಂದೂ ಅವಳಿಗೆ ತಿಳಿಸಿದ್ದೇ ಆಗ. ಈಗ ಎಲ್ಲವೂ ಒಂದೇ ಬಕೆಟ್ಟಿನಲ್ಲಿ ಕಲಸಿಹೋಗಿತ್ತು. ಯಾವುದು ಯಾವ ಬಣ್ಣದ್ದೆಂದು ಅವನಿಗೂ ತಿಳಿಯದು.

"ಅತ್ತೆಗೆ ಹೇಳೋದು ಬೇಡ" ಎಂದ. "ಹೆಂಗೋ ಹೂತುಬಿಡೋಣ. ಹೂ ಬಂದಾಗ ನೋಡ್ಕೊಂಡ್ರಾಯ್ತು."

"ಹಳದಿ ಸಾಲಲ್ಲಿ ಬಿಳೀದು ಎದ್ದು ನಿಂತ್ರೆ ಅವರ ಕಣ್ಣಿಗೆ ಬೀಳಲ್ವಾ? ಅವತ್ತು ಆ ಕುರ್ಚಿ ಮೇಲೆ ಕೂತಿರೋವಾಗ ಗೊತ್ತಾಗೋದಕ್ಕಿಂತ ಇವತ್ತೇ ಗೊತ್ತಾಗ್ಲಿ."

ಕೈಗೆ ಮೆತ್ತಿದ ಮಣ್ಣನ್ನೂ ತೊಳೆಯದೆ ಅವಳು ಬಕೆಟ್ ಎತ್ತಿಕೊಂಡು ರಸ್ತೆ ದಾಟಿದಳು. ಹಿಸ್ಕೆ ಬಾಗಿಲು ತೆರೆದಳು. ನಿಂಕೆ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು. ಮುದುಕಿ ಬಕೆಟ್ಟಿನೊಳಗೆ ಕೈಯಿಟ್ಟು ನಾಲ್ಕಾರು ಗೆಡ್ಡೆಗಳನ್ನು ಬೆರಳಲ್ಲಿ ಉರುಳಿಸಿದಳು.

"ಎಲ್ಲಾನೂ ಕಿತ್ತುಬಿಟ್ಯಾ?"

"ಎಲ್ಲಾನೂ."

"ಹೂಂ" ಎಂದು ಹಿಸ್ಕೆ ಬಾಗಿಲು ಮುಚ್ಚಿಕೊಂಡಳು.

ನಿಂಕೆ ಆ ವಾರವೆಲ್ಲ ಹಿತ್ತಿಲಿಗೆ ಕಾಲಿಡಲಿಲ್ಲ. ಬಕೆಟ್ಟನ್ನು ಸೈಕಲ್ ಶೆಡ್ಡಿನಲ್ಲಿ ಇಟ್ಟಿದ್ದಳು. ಎಷ್ಟೆಂದರೂ ನಾನು ನೀರಿನವಳು, ನೆಲದವರ ಮನೆಗೆ ಬರಬಾರದಿತ್ತು ಎಂದು ಅವಳು ನನ್ನ ಹತ್ತಿರ ಬೇಲಿಯ ಆಚೆಯಿಂದ ಹೇಳಿಕೊಂಡದ್ದುಂಟು.

ಶನಿವಾರ ಬೆಳಗ್ಗೆ ಹಿಸ್ಕೆ ಬಂದಳು. ರಬ್ಬರ್ ಬೂಟು, ಮಂಡಿಯ ಕೆಳಗೆ ಹಾಕಿಕೊಳ್ಳಲು ಹಳೆಯ ದಿಂಬು, ಕೈಯಲ್ಲಿ ಸಣ್ಣ ಕರಣೆ. ಬಂದವಳು ಪಾತಿಯ ಕಡೆಗೆ ನೋಡಲೂ ಇಲ್ಲ. ಹುಲ್ಲುಹಾಸಿನ ನಡುವೆ ಹೋಗಿ ನಿಂತಳು.

"ಬಕೆಟ್ ತಗೊಂಡ್ ಬಾ."

ನಿಂಕೆ ತಂದಳು.

"ಸಾಲು ಅವಳದಲ್ಲ" ಎಂದಳು ಹಿಸ್ಕೆ. "ನನ್ನದು. ಅವಳಿಗೆ ಹುಲ್ಲಲ್ಲಿ ಚೆಲ್ಲಬೇಕು ಅಂತ ಆಸೆ. ಎಲ್ಲಾ ಜಾತಿನೂ ಒಟ್ಟಿಗೆ, ಎಲ್ಲಿ ಬೀಳುತ್ತೋ ಅಲ್ಲಿ. ನಾನೇ ಬಿಡ್ಲಿಲ್ಲ. ಹಾಗೆಲ್ಲ ಚೆಲ್ಲಾಡೋಕೆ ಇದೇನು ಕೋಳಿಗೆ ಹಾಕೋ ಕಾಳಾ ಅಂದೆ. ಹಗ್ಗ ಕಟ್ಟಿ ಸಾಲು ಹಿಡಿದು ನೆಡಿಸಿದೆ. ಅವಳು ಮಾತಾಡದೆ ನೆಟ್ಟಳು. ನಾನು ಗೆದ್ದೆ ಅಂದ್ಕೊಂಡೆ." ದಿಂಬನ್ನು ಹುಲ್ಲಿನ ಮೇಲೆ ಹಾಕುತ್ತಾ, "ಪ್ರತಿವರ್ಷ ಬಂದು ಆ ಸಾಲುಗಳನ್ನ ನೋಡ್ತಾ ಕೂತ್ಕೋತಿದ್ನಲ್ಲ, ಅದಕ್ಕೇ" ಎಂದಳು.

ಮುದುಕಿಯ ಮೂಗು ಚಳಿಗೆ ಕೆಂಪಾಗಿತ್ತು. ನಿಂಕೆ ತನ್ನ ಕೊರಳಿನ ಶಾಲು ಬಿಚ್ಚಿ ಅವಳಿಗೆ ಸುತ್ತಿದಳು. ಹಿಸ್ಕೆ ಬೇಡವೆನ್ನಲಿಲ್ಲ.

"ಸರಿ, ಚೆಲ್ಲು" ಎಂದಳು.

"ನೀವೇ ಮೊದಲು ಚೆಲ್ಲಿ."

ಹಿಸ್ಕೆ ಬಕೆಟ್ಟಿಗೆ ಎರಡೂ ಕೈ ಹಾಕಿ, ಬೊಗಸೆ ತುಂಬಿಕೊಂಡು, ಕಣ್ಣುಮುಚ್ಚಿ ಎಸೆದಳು. ಗೆಡ್ಡೆಗಳು ಹುಲ್ಲಿನ ಮೇಲೆ ಪಟಪಟನೆ ಉದುರಿದವು. ಎರಡನೆಯ ಬೊಗಸೆ ಇನ್ನೂ ಜೋರಾಗಿ ಹೋಯಿತು. ಮೂರನೆಯದಕ್ಕೆ ಕಾಫಿ ಹಿಡಿದು ಹೊರಬಂದ ಗೆರ್ಬೆನ್‌ನ ಎದೆ ಸಿಕ್ಕಿತು.

"ಅತ್ತೆ! ನಾನೇನು ಮಾಡ್ದೆ?"

"ನೀನು ಹೇಳಬೇಕಾದದ್ದು ಇವಳಿಗೆ ಹೇಳ್ಲಿಲ್ಲ, ಅದಕ್ಕೆ!" ಎಂದಳು ಹಿಸ್ಕೆ. ಅವಳು ದನಿಯೆತ್ತಿ ಮಾತಾಡಿದ್ದನ್ನು ನಾವು ಕೇಳಿ ಎಷ್ಟೋ ಕಾಲವಾಗಿತ್ತು.

ಬಿದ್ದಲ್ಲಿಯೇ ಮೂರು ಬೆರಳಿನ ಆಳಕ್ಕೆ, ಚೂಪು ತುದಿ ಮೇಲಾಗಿ ಹೂಳುತ್ತಾ ಸಂಜೆಯವರೆಗೆ ಕುಳಿತರು. ಮಂಡಿ ನೋವೆಂದು ಹಿಸ್ಕೆ ಎದ್ದರೆ ನಿಂಕೆ ದಿಂಬು ಸರಿಸಿ ಕೊಡುತ್ತಿದ್ದಳು. ಮಧ್ಯಾಹ್ನ ಬಟಾಣಿ ಸೂಪನ್ನು ಹುಲ್ಲಿನ ಮೇಲೆ ಕೂತೇ ಕುಡಿದರು.

"ನಿಮ್ಮನ್ನ ಏನಂತ ಕರೀಲಿ?" ಎಂದು ನಿಂಕೆ ಕೇಳಿದಳು. "ಅತ್ತೆ ಅನ್ನೋದಾ?"

"ಅತ್ತೆ ಅಂತ ಅನ್ನೋಕೆ ಅವನಿದ್ದಾನಲ್ಲ. ನೀನು ಹಿಸ್ಕೆ ಅನ್ನು. ನನ್ನ ಹೆಸರು ಹಿಡಿದು ಕರೆಯೋರೆಲ್ಲ ಸತ್ತುಹೋದ್ರು."

ಫೆಬ್ರವರಿಯಲ್ಲಿ ಕಾಲುವೆಯ ಮಂಜುಗಡ್ಡೆ ಕರಗುವ ಹೊತ್ತಿಗೆ ಮೊದಲನೆಯವು ಎದ್ದವು. ನಾವು ರೈತ ಕ್ರೋಕಸ್ ಎಂದು ಕರೆಯುವ, ತೆಳು ನೇರಳೆಯ ಬಡಕಲು ಜಾತಿ. ಬಿಸಿಲಿಲ್ಲದ ದಿನಗಳಲ್ಲಿ ಅವು ಮುದುರಿಕೊಂಡೇ ನಿಂತವು. ನಿಂಕೆ ಗಳಿಗೆಗೊಮ್ಮೆ ಹೋಗಿ ಬಗ್ಗಿ ನೋಡಿ, ಇವು ಅರಳುವುದೇ ಇಲ್ಲವೇನೋ ಎಂದು ಕೊರಗುತ್ತಿದ್ದಳು. ಹಿಸ್ಕೆ ನಗುತ್ತಾ ಒಂದು ಮೊಗ್ಗು ಕಿತ್ತು ಒಳಗೆ ತಂದು, ಮೊಟ್ಟೆ ಇಡುವ ಬಟ್ಟಲಿನಲ್ಲಿ ನಿಲ್ಲಿಸಿ ಒಲೆಯ ಪಕ್ಕದಲ್ಲಿಟ್ಟಳು. ಇಬ್ಬರೂ ಸಕ್ಕರೆ ಬ್ರೆಡ್ಡಿಗೆ ಬೆಣ್ಣೆ ಹಚ್ಚಿಕೊಂಡು ತಿನ್ನುತ್ತಿರುವಾಗಲೇ ಅದು ಅವರ ಕಣ್ಣೆದುರೇ ಎಸಳು ಬಿಚ್ಚಿತು. ನಿಂಕೆ ಬಾಯಲ್ಲಿದ್ದದ್ದನ್ನು ನುಂಗುವುದನ್ನೂ ಮರೆತು ಕೂತಳು.

ಆಮೇಲೆ ಜೇನಿನ ವಾಸನೆಯ ಸಣ್ಣ ಹಳದಿ, ಅದರ ಹಿಂದೆ ಕೆನೆ ಬಣ್ಣದ್ದು. ಹಳದಿಯೆಂದರೆ ಗುಬ್ಬಚ್ಚಿಗಳಿಗೆ ಏನು ದ್ವೇಷವೋ, ಹರಿದು ಚಿಂದಿ ಮಾಡಿದವು. ಹಿಸ್ಕೆ ಕಡ್ಡಿ ನೆಟ್ಟು ಕಪ್ಪು ದಾರ ಎಳೆದು ಕಟ್ಟಿದಳು. ದಾರ ಕಾಣದೆ ಎಡವಿ ಗೆರ್ಬೆನ್ ಬಿದ್ದ, ಗುಬ್ಬಿಗಳಿಗೆ ಮಾತ್ರ ಏನೂ ಆಗಲಿಲ್ಲ. ಮಾರ್ಚಿನಲ್ಲಿ ದೊಡ್ಡವು ಬಂದವು: ಹಾಲಿನಂಥ ಬಿಳಿ, ನೇರಳೆ ಗೀರಿನ ಪಟ್ಟೆಯದು, ಕಡು ನೇರಳೆ. ಒಂದು ಬಿಸಿಲಿನ ಬೆಳಗ್ಗೆ ಎಲ್ಲವೂ ಒಟ್ಟಿಗೆ ಬಾಯಿ ತೆರೆದವು. ಬಿಳಿಯ ಮಡಿಲಲ್ಲಿ ಹಳದಿ, ಪಟ್ಟೆಯದರ ಕಾಲಡಿ ತೆಳು ನೇರಳೆ. ಜೇನುನೊಣಗಳ ಸದ್ದು ನನ್ನ ಹಿತ್ತಿಲವರೆಗೂ ಕೇಳಿಸುತ್ತಿತ್ತು.

ಹಿಸ್ಕೆ ಕುರ್ಚಿ ತಂದಳು. ನಿಂಕೆ ಒಳಗಿನಿಂದ ಇನ್ನೊಂದು ತಂದು ಪಕ್ಕದಲ್ಲಿ ಹಾಕಿ ಕೂತಳು.

"ಲೀಸ್ಬೆತ್ ಹೇಗಿದ್ದಳು?"

ಯಾರೂ ಹಾಗೆ ಕೇಳಿರಲಿಲ್ಲವೆಂದು ಕಾಣುತ್ತದೆ. ಹಿಸ್ಕೆ ಹೂಗಳ ಕಡೆ ನೋಡುತ್ತಲೇ ಹೇಳಿದಳು.

"ಹಾಡೋಳು. ಅಪಸ್ವರ. ಚರ್ಚಿನಲ್ಲಿ ಮುಂದಿನ ಸಾಲಿನೋರು ತಿರುಗಿ ನೋಡೋರು. ಪಾತ್ರೆ ತೊಳಿ ಅಂದ್ರೆ ನೆನೀಲಿ ಬಿಡು ಅನ್ನೋಳು, ಮೂರು ದಿನ ನೆನೆಯೋವು."

"ಗೆರ್ಬೆನ್ ಅದನ್ನೆಲ್ಲ ಹೇಳೇ ಇಲ್ಲ."

"ಗಂಡಸ್ರು ಸತ್ತೋರನ್ನ ದೇವತೆ ಮಾಡಿಬಿಡ್ತಾರೆ. ಅಮ್ಮಂದಿರಿಗೆ ಪಾತ್ರೆ ನೆನಪಿರುತ್ತೆ." ನಕ್ಕಳು. ನಗುತ್ತಲೇ ಕಣ್ಣು ಒದ್ದೆಯಾಯಿತು. ನಿಂಕೆ ಅವಳ ಕೈ ಹಿಡಿದುಕೊಂಡಳು. ಕೈಚೀಲ ಜಾರಿ ಹೂಗಳ ಮೇಲೆ ಬಿತ್ತು, ಇಬ್ಬರೂ ಎತ್ತಿಕೊಳ್ಳಲಿಲ್ಲ.

ಆ ವಾರವೇ ನಿಂಕೆಯ ತಂದೆತಾಯಿಯ ದೋಣಿ ನಮ್ಮೂರಿಗೆ ಬಂದು ದಡ ಸೇರಿತು. ಅವಳ ತಾಯಿ ಈಫ್ಕೆಗೆ ಮಗಳು ದೋಣಿ ಬಿಟ್ಟು ಹೋದ ಬೇಸರ ಇನ್ನೂ ಇಳಿದಿರಲಿಲ್ಲ. ಹಿಸ್ಕೆ ಅದನ್ನು ಕೇಳಿ ಕರಣೆ ತೆಗೆದುಕೊಂಡು ಹುಲ್ಲಿಗೆ ಹೋದಳು. ತುಂಬು ಹೂವಿದ್ದ ಒಂದು ಗುಪ್ಪೆಯನ್ನು, ಬಿಳಿಯೂ ಹಳದಿಯೂ ಪಟ್ಟೆಯದೂ ಬೆರೆತದ್ದನ್ನು, ಮಣ್ಣಿನ ಸಮೇತ ಎಬ್ಬಿಸಿ ಕುಂಡದಲ್ಲಿಟ್ಟಳು. ಹುಲ್ಲಿನಲ್ಲಿ ಒಂದು ಕಪ್ಪು ಗುಳಿ ಉಳಿಯಿತು.

"ಹಿಸ್ಕೆ, ಅದು ಲೀಸ್ಬೆತ್‌ದು" ಎಂದಳು ನಿಂಕೆ.

"ಗೊತ್ತು. ಕೊಡೋಕೆ ನನ್ನ ಹತ್ರ ಬೇರೇನಿದೆ? ನಿಮ್ಮಮ್ಮನೂ ಮಗಳನ್ನ ಕಳಿಸಿಕೊಟ್ಟೋಳೇ."

ಕಾಲುವೆಯ ದಡದಲ್ಲೇ ಹುಟ್ಟಿ ಮುದುಕಿಯಾದ ಹಿಸ್ಕೆ ಅಂದೇ ಮೊದಲ ಸಲ ಸರಕು ದೋಣಿ ಹತ್ತಿದ್ದು. ನಿಂಕೆ ಸೊಂಟ ಹಿಡಿದು ದಾಟಿಸಿದಳು. ಈಫ್ಕೆ ಕುಂಡವನ್ನು ಎರಡು ಕೈಯಲ್ಲಿ ತೆಗೆದುಕೊಂಡು ಮಗಳ ಮುಖ, ಮುದುಕಿಯ ಮುಖ ನೋಡಿದಳು. ಒಳಗೆ ಹೋಗಿ ಕಾಫಿ ಇಟ್ಟಳು. ಆಮೇಲೆ ಕುಂಡಕ್ಕೆ ಒಂದು ಚೊಂಬು ನೀರು ಸುರಿಯಲು ಹೊರಟಳು.

"ಅಯ್ಯೋ, ಅಷ್ಟು ನೀರು ಹಾಕಬೇಡಿ, ಗೆಡ್ಡೆ ಕೊಳೆತುಹೋಗುತ್ತೆ!" ಎಂದಳು ಹಿಸ್ಕೆ.

"ನಲವತ್ತು ವರ್ಷದಿಂದ ಡೆಕ್ ಮೇಲೆ ಜೆರೇನಿಯಂ ಬೆಳೆಸ್ತಿದೀನಿ ನಾನು."

"ಜೆರೇನಿಯಂ ಬೇರೆ, ಇದು ಬೇರೆ. ಇಲ್ಲಿ ಕೊಡಿ ಆ ಚೊಂಬು."

"ಮೊದಲು ಕೂತ್ಕೊಳ್ಳಿ, ದೋಣಿ ಅಲ್ಲಾಡ್ತಿದೆ, ಬಿದ್ದೀರಿ."

ಹಿಸ್ಕೆ ಕೂತಳು, ಚೊಂಬು ಮಾತ್ರ ಬಿಡಲಿಲ್ಲ. ಸೇತುವೆಯ ಮೇಲಿಂದ ಗೆರ್ಬೆನ್ ಏನೋ ಕೂಗಿ ಕೇಳುತ್ತಿದ್ದ. ಮೂವರು ಹೆಂಗಸರೂ ಅವನ ಕಡೆ ತಿರುಗಲಿಲ್ಲ.