ಒಳಜೇಬು

ಬಟ್ಟೆ ರಿಪೇರಿ ಅಂಗಡಿಯ ಒಡತಿಗೆ ಕತ್ತರಿಯಕ್ಕ ಎಂಬ ಹೆಸರು ಬಿದ್ದದ್ದು ಕೈಯಲ್ಲಿದ್ದ ಕತ್ತರಿಯಿಂದಲ್ಲ, ನಾಲಿಗೆಯಿಂದ. ಇಪ್ಪತ್ತೆರಡು ವರ್ಷದ ಹಿಂದೆ ಗಂಟುಮೂಟೆ ಕಟ್ಟಿಕೊಂಡು ಈ ದೇಶಕ್ಕೆ ಬಂದವಳು. ಅಂಗಡಿ ತೆರೆದ ಮೇಲೆ ಒಂದು ದಿನವೂ ಹೊತ್ತಿಗೆ ಮುಂಚೆ ಬಾಗಿಲೆಳೆದವಳಲ್ಲ. ಜ್ವರ ಬಂದರೂ ಕೌಂಟರಿನ ಹಿಂದೆ ಕೂತು ಗಿರಾಕಿಗಳ ಮೇಲೆಯೇ ಸೀನುತ್ತಿದ್ದಳು.

ಆ ಸೋಮವಾರ ಬೆಳಿಗ್ಗೆ ಗಿರಾಕಿಯೊಬ್ಬ ತನ್ನ ಕೋಟನ್ನು ಕೌಂಟರಿನ ಮೇಲೆ ಒಗೆದ. ಕೊಟ್ಟಿದ್ದು ಜಿಪ್ ಬದಲಿಸಲು. ಜಿಪ್ಪೇನೋ ಸರಿಯಾಗಿಯೇ ಇತ್ತು. ಆದರೆ ಒಳಗಡೆ, ಎಡ ಪಕ್ಕೆಯ ಅಸ್ತರಿನಲ್ಲಿ, ಅಂಗೈಯಗಲದ ಕಳ್ಳಜೇಬೊಂದು ಹುಟ್ಟಿಕೊಂಡಿತ್ತು.

"ಇದನ್ನ ಯಾರು ಕೇಳಿದ್ರು? ನಾನೇನು ಕಳ್ಳಸಾಗಣೆ ಮಾಡ್ತೀನಾ?"

ಎರಡು ವಾರದಲ್ಲಿ ಇದು ನಾಲ್ಕನೆಯ ದೂರು. ಅವನನ್ನು ಹೇಗೋ ಸಮಾಧಾನ ಮಾಡಿ ಕಳಿಸಿ, ಕತ್ತರಿಯಕ್ಕ ಆ ಕೋಟು ಹಿಡಿದು ಒಳಕೋಣೆಗೆ ನುಗ್ಗಿದಳು. ಅಲ್ಲಿ ಮಷೀನಿನ ಮುಂದೆ ಕೂತ ಹೊಲಿಗೆಯಾಕೆಗೆ ಇವತ್ತೇ ಕೆಲಸದ ಕೊನೆಯ ದಿನ ಎಂದು ತೀರ್ಮಾನಿಸಿಯಾಗಿತ್ತು.

ಹೊಲಿಗೆಯಾಕೆ ಕೆಲಸಕ್ಕೆ ಸೇರಿ ನಾಲ್ಕು ತಿಂಗಳು. ಯುದ್ಧದಿಂದ ತಪ್ಪಿಸಿಕೊಂಡು ಮಗಳ ಜೊತೆ ಬಂದವಳು; ಗಂಡ ದಾರಿಯಲ್ಲೇ ಉಳಿದ ಎಂಬುದಷ್ಟೇ ಗೊತ್ತು. ಕೆಲಸದಲ್ಲಿ ಎತ್ತಿದ ಕೈ. ಆದರೆ ಬಾಯಿ ಬಿಟ್ಟರೆ ಮುತ್ತು ಉದುರೀತು ಎಂಬಂತೆ ಇರುತ್ತಿದ್ದಳು. ಆರೋಗ್ಯ ಕೇಂದ್ರದ ಆಪ್ತಸಮಾಲೋಚಕಿ ಮೂರು ಸಲ ಚೀಟಿ ಕಳಿಸಿದ್ದಳು, "ಬಂದು ಮಾತಾಡಿ" ಎಂದು. ಮೂರು ಸಲವೂ ಇವಳದು ಒಂದೇ ಉತ್ತರ: "ನಂಗೇನು ಹುಚ್ಚಾ?" ಮೂರನೆಯ ಚೀಟಿ ಇವತ್ತಿನದೇ, ಹನ್ನೊಂದು ಗಂಟೆಗೆ. ಮಷೀನಿನ ಮೇಲೆ ಬಿದ್ದಿತ್ತು.

"ಇದೇನಿದು?"

ಆಕೆ ಜೇಬು ನೋಡಿದಳು. "ನಾನು ಹಾಕಿದ್ದಲ್ಲ ಅಕ್ಕಾ."

"ಮತ್ತೆ ದೆವ್ವ ಬಂದು ಹೊಲಿದು ಹೋಯ್ತಾ?"

ಆಕೆ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಕೊನೆಯಲ್ಲಿ ಎರಡೆರಡು ಗಂಟು, ತಾನು ಯಾವಾಗಲೂ ಹಾಕುವಂಥದ್ದೇ. "ನಂದೇ... ನಂಗೆ ಗೊತ್ತೇ ಆಗ್ಲಿಲ್ಲ ಅಕ್ಕಾ."

ಕತ್ತರಿಯಕ್ಕನಿಗೆ ಏನೋ ಅನುಮಾನ ಬಂತು. ಮೊಳೆಗೆ ನೇತುಹಾಕಿದ್ದ ತನ್ನ ಕೋಟಿನೊಳಗೆ ಕೈ ಹಾಕಿದಳು. ಹೋದ ವಾರ ತೋಳು ಸರಿಮಾಡಲು ಕೊಟ್ಟಿದ್ದ ಕೋಟು. ಅಲ್ಲೂ ಇತ್ತು ಜೇಬು.

"ಅಯ್ಯೋ ನಿನ್ನ! ನಂಗ್ಯಾಕೇ ಇದು?"

ಹೊಲಿಗೆಯಾಕೆ ನೆಲ ನೋಡುತ್ತಾ ಹೇಳತೊಡಗಿದಳು. "ಊರು ಬಿಡೋ ದಿನ ಎಲ್ಲರ ಬಟ್ಟೆಗೂ ಹಾಕ್ದೆ ಅಕ್ಕಾ. ಮಗಳದ್ದು, ಪಕ್ಕದ ಮನೆಯವರದ್ದು. ಕಾಗದಪತ್ರ ಒಳಗಿದ್ರೆ ಯಾರೂ ಕಿತ್ಕೊಳ್ಳಲ್ಲ ಅಂತ. ನಮ್ಮ ಯಜಮಾನರ ಅಂಗಿ ಕೊನೆಗೆ ಇಟ್ಕೊಂಡಿದ್ದೆ. ಅಷ್ಟರಲ್ಲಿ ಲಾರಿ ಬಂತು. 'ಇರಲಿ ಬಿಡೇ, ಚೀಲದಲ್ಲಿಟ್ಕೋತೀನಿ' ಅಂದ್ರು. ಗಡೀಲಿ ಚೀಲ ಕಿತ್ಕೊಂಡ್ರು. ಕಾಗದ ಇಲ್ಲದವರು ಆ ಕಡೆ ನಿಲ್ಲಿ ಅಂದ್ರು. ನಿಂತ್ಕೊಂಡ್ರು."

ಕತ್ತರಿಯಕ್ಕ ಮೊಳೆಯಿಂದ ತನ್ನ ಕೋಟು ತೆಗೆದು ತೊಟ್ಟಳು. ಕೆಲಸದಿಂದ ತೆಗೆಯುವ ಮಾತು ಅಲ್ಲಿಗೇ ಮುಗಿಯಿತು.

"ಹುಚ್ಚಲ್ಲ ಕಣೇ," ಎಂದಳು. "ಹೊಟ್ಟೇಲಿ ಇಟ್ಕೊಂಡಿದ್ದು ಕೈಗೆ ಬಂದಿದೆ, ಅಷ್ಟೇ. ಬಂದ ಹೊಸದರಲ್ಲಿ ನಾನೂ ಈ ಸಮಾಲೋಚಕಿಯಂಥವರ ಹತ್ರ ಹೋಗಿದ್ದೆ. ಎಂಟು ತಿಂಗಳು. ಯಾರಿಗಾದ್ರೂ ಹೇಳಿದ್ರೆ ನಿನ್ನ ಕಾಲು ಮುರೀತೀನಿ. ಏಳು, ಚೀಟಿ ತಗೋ."

ಹನ್ನೊಂದಕ್ಕೆ ಹತ್ತು ನಿಮಿಷವಿದ್ದಾಗ ಅಂಗಡಿಯ ಬಾಗಿಲು ಕೆಳಗೆ ಬಂತು. ಎದುರಿನ ಅಂಗಡಿಯವನು ಯಾರೋ ಸತ್ತಿರಬೇಕು ಎಂದುಕೊಂಡ.

ಆರೋಗ್ಯ ಕೇಂದ್ರದ ಬಾಗಿಲ ಬಳಿ ಹೊಲಿಗೆಯಾಕೆ ನಿಂತೇಬಿಟ್ಟಳು. "ನಾನು ಒಳಗೆ ಹೋದ್ಮೇಲೆ ನೀವು ಇಲ್ಲೇ ಇರ್ತೀರಾ ಅಕ್ಕಾ?"

ಕತ್ತರಿಯಕ್ಕ ತನ್ನ ಕೈಚೀಲ ತೆರೆದಳು. ಗುರುತಿನ ಚೀಟಿ, ಪಾಸ್‌ಪೋರ್ಟು, ಅಂಗಡಿಯ ಪರವಾನಗಿ ಒಂದೊಂದನ್ನೇ ತೆಗೆದು ಕೋಟಿನ ಒಳಜೇಬಿಗೆ ಸೇರಿಸಿದಳು. ಹೊಲಿಗೆಯಾಕೆಯ ಅಂಗೈ ಹಿಡಿದು ಅದರ ಮೇಲಿಟ್ಟಳು.

"ನೋಡ್ಕೋ. ಎಲ್ಲಾ ಇದೆ. ನನ್ನನ್ನ ಯಾರೂ ಆ ಕಡೆ ನಿಲ್ಲಿಸಲ್ಲ. ಹೋಗಿ ಬಾ."

ಆಕೆ ಜೇಬನ್ನು ಎರಡು ಸಲ ಒತ್ತಿ ನೋಡಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಬಾಗಿಲಾಚೆಯಿಂದ ಅಳು ಕೇಳಿಸಿತು. ಕತ್ತರಿಯಕ್ಕ ಒಳಜೇಬಿನ ಮೇಲೆ ಕೈಯಿಟ್ಟುಕೊಂಡು, ಕುರ್ಚಿ ಬಿಟ್ಟು ಅಲ್ಲಾಡದೆ ಕೂತಿದ್ದಳು.